ನಿವೃತ್ತಿಯ ನಂತರದ ಹತ್ತು ಗಂಟೆ

ಪ್ರಶ್ನೆ:

ತಾಲ್ಲೂಕು ಕಚೇರಿಗಳಲ್ಲಿ 34 ವರ್ಷ ದುಡಿದು, ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಶಿರಸ್ತೇದಾರನಾಗಿ ನಿವೃತ್ತನಾಗಿ, ಶಾಲು, ಹಾರ, ಹಣ್ಣಿನ ಬುಟ್ಟಿಗಳೊಂದಿಗೆ ಮನೆ ಸೇರಿ ಎಂಟು ತಿಂಗಳಾಯಿತು. ಪಿಂಚಣಿ ತಪ್ಪದೆ ಬರುತ್ತಿದೆ, ಸಾಲವಿಲ್ಲ, ಮಗಳು ಜರ್ಮನಿಯಲ್ಲಿ ನೆಲೆಸಿದ್ದಾಳೆ. ನೋಡುವವರಿಗೆ ಕೊರತೆಯೇನೂ ಕಾಣಿಸದು. ಆದರೆ ಬೆಳಿಗ್ಗೆ ಹತ್ತು ಗಂಟೆಯಾಗುತ್ತಿದ್ದಂತೆ ಕೈ ತಾನಾಗಿಯೇ ಜೇಬಿನಲ್ಲಿ ಪೆನ್ನು ತಡಕುತ್ತದೆ, ಆಮೇಲೆ ಸಂಜೆಯವರೆಗಿನ ಹೊತ್ತನ್ನು ಏನು ಮಾಡಬೇಕೆಂದು ತೋಚುವುದಿಲ್ಲ. ಮನೆಯ ಹಳೆಯ ರಸೀದಿಗಳನ್ನೆಲ್ಲ ಕಡತ ಮಾಡಿ ಮುಗಿಸಿದೆ. ಅಡುಗೆಮನೆಯ ಡಬ್ಬಗಳಿಗೂ ಚೀಟಿ ಅಂಟಿಸಹೊರಟಾಗ ಪತ್ನಿ ತಡೆದಳು. ಪ್ರವಚನ ಕೇಳಿದೆ, ತೀರ್ಥಯಾತ್ರೆ ಮಾಡಿದೆ, ಹಿಂತಿರುಗಿದ ಮರುದಿನ ಮತ್ತೆ ಅದೇ ಹತ್ತು ಗಂಟೆ. ಇನ್ನುಳಿದ ಬದುಕು ಯಾತಕ್ಕಾಗಿ ಎಂಬ ಪ್ರಶ್ನೆ ತಮ್ಮಲ್ಲಿ ಯಾರಿಗಾದರೂ ಎದುರಾಗಿತ್ತೆ, ಎದುರಾಗಿದ್ದರೆ ಏನು ಮಾಡಿದಿರಿ? ಉಪದೇಶ ಸಾಕಷ್ಟು ಸಿಕ್ಕಿದೆ. ಅನುಭವವನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ:

ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ನಿವೃತ್ತಿಯ ಹಿಂದಿನ ವರ್ಷವೇ ಯಜಮಾನರು ತೀರಿಕೊಂಡಿದ್ದರಿಂದ ನನಗೆ ಹತ್ತು ಗಂಟೆ ಮಾತ್ರವಲ್ಲ, ದಿನದ ಎಲ್ಲ ಗಂಟೆಗಳೂ ಹಾಗೆಯೇ ಇದ್ದವು. ನೆರೆಮನೆಯವರ ಒತ್ತಾಯಕ್ಕೆ, ಕಾವ್ಯವನ್ನು ರಾಗವಾಗಿ ಓದುವ ಗಮಕದ ತರಗತಿಗೆ ಸೇರಿದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುತ್ತವೆ, ಮೂರನೆಯ ಮತ್ತು ಆರನೆಯ ಸಾಲಿನ ಕೊನೆಯಲ್ಲಿ ಒಂದು ಗುರುವಿರುತ್ತದೆ ಎಂದು ವರ್ಷಾನುವರ್ಷ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದ ನನಗೆ, ಆ ಗುರುವಿನ ಬಳಿ ಉಸಿರು ನಿಲ್ಲಿಸಿಕೊಳ್ಳಲು ಒಂದು ತಾಣವಿದೆ ಎಂಬುದು ಹಾಡಲು ಕುಳಿತಾಗಲೇ ಗೊತ್ತಾದದ್ದು.

ಅಷ್ಟಾದರೂ ಮೊದಲ ಆರು ತಿಂಗಳು ಅದು ಕಾಲಕ್ಷೇಪವಾಗಿಯೇ ಉಳಿಯಿತು. ಮಳೆ ಬಂದರೆ, ಮಂಡಿ ನೋವು ಬಂದರೆ ತಪ್ಪಿಸುತ್ತಿದ್ದೆ. ಗಮಕದಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಕುಮಾರವ್ಯಾಸ ಭಾರತದ ಉದ್ಯೋಗಪರ್ವವನ್ನು ಪ್ರತಿ ಗುರುವಾರ ಸಂಜೆ ಬಡಾವಣೆಯ ದೇವಸ್ಥಾನದಲ್ಲಿ ವಾಚಿಸುವ ಹೊಣೆ ನನಗೆ ಬಂದಿತು. ವ್ಯಾಖ್ಯಾನಕಾರರು ನನಗಿಂತ ಹನ್ನೆರಡು ವರ್ಷ ಹಿರಿಯರು, ಎರಡು ಬಸ್ಸು ಬದಲಿಸಿ ಬರುವವರು. ಒಂದು ಗುರುವಾರ ನಾನು ತಿಳಿಸದೆ ತಪ್ಪಿಸಿಕೊಂಡೆ. ಅವರು ಬಂದು, ಪುಸ್ತಕವನ್ನು ವ್ಯಾಸಪೀಠದ ಮೇಲೆ ತೆರೆದಿಟ್ಟು, ಎಂಟು ಗಂಟೆಯವರೆಗೂ ಕಾದು ಹಿಂತಿರುಗಿದರೆಂದು ಮರುದಿನ ಅರ್ಚಕರು ಹೇಳಿದಾಗ ತಲೆ ಎತ್ತಲಾಗಲಿಲ್ಲ. ಆದರೆ ನಾನು ಹೋಗದಿದ್ದರೆ ನಿಂತುಹೋಗುವ ಕೆಲಸವೊಂದು ಊರಿನಲ್ಲಿ ಇನ್ನೂ ಇದೆ ಎಂಬುದು, ಯಜಮಾನರು ಹೋದ ಮೇಲೆ ಮೊದಲ ಸಲ, ಆ ನಾಚಿಕೆಯಲ್ಲಿಯೇ ಅರಿವಿಗೆ ಬಂದಿತು. ಆದ್ದರಿಂದ ಹವ್ಯಾಸಗಳ ಪಟ್ಟಿ ಮಾಡುವ ಮೊದಲು, ತಾವು ಬಾರದಿದ್ದರೆ ಯಾರಿಗಾದರೂ ತೊಂದರೆಯಾಗುವಂತಹ ಜಾಗ ಎಲ್ಲಿದೆಯೆಂದು ನೋಡಿ.

ಹಾಸನದಿಂದ, ಗೃಹಿಣಿ:

ನಿವೃತ್ತಿಯೇ ಇಲ್ಲದವಳ ಎರಡು ಮಾತು. ನಮ್ಮವರು ಬ್ಯಾಂಕಿನ ಕೆಲಸ ಮುಗಿಸಿ ಮನೆಯಲ್ಲಿ ಕುಳಿತ ಮೊದಲ ವರ್ಷ ಒಗ್ಗರಣೆಯ ಸಾಸಿವೆಗೂ ಲೆಕ್ಕ ಕೇಳುತ್ತಿದ್ದರು. ಬದುಕಿನ ಉದ್ದೇಶವನ್ನು ಹುಡುಕುವಷ್ಟು ಬಿಡುವು ನನಗೆ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ. ಮಧ್ಯಾಹ್ನದ ಅಡುಗೆಯನ್ನು ಅವರಿಗೇ ವಹಿಸಿದೆ. ಮೂರು ತಿಂಗಳು ಸಾರು ಉಪ್ಪುಪ್ಪಾಗಿತ್ತು. ಈಗ ಮಾವಿನಕಾಯಿ ಗೊಜ್ಜನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ, ನಾನು ಹನ್ನೊಂದು ಗಂಟೆಗೆ ಗ್ರಂಥಾಲಯಕ್ಕೆ ಹೋಗುತ್ತೇನೆ. ತಾವು ಡಬ್ಬಗಳಿಗೆ ಚೀಟಿ ಅಂಟಿಸುವುದನ್ನು ಬಿಟ್ಟು, ಏನು ಬೇಕೆಂದು ಪತ್ನಿಯವರನ್ನೇ ಒಮ್ಮೆ ಕೇಳಿ ನೋಡಿ.

ಹುಬ್ಬಳ್ಳಿಯಿಂದ, ನಿವೃತ್ತ ಮುದ್ರಣಾಲಯ ನೌಕರ:

ಸಂಘ, ಸಭೆಗಳು ಒಗ್ಗದವರೂ ಇರುತ್ತಾರೆ; ನಾನು ಅಂಥವನು. ಅಂತರ್ಜಾಲದ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಯಂತ್ರ ಓದಿಕೊಟ್ಟ ಪಠ್ಯವನ್ನು ಮೂಲದ ಚಿತ್ರದೊಂದಿಗೆ ಹೋಲಿಸಿ ತಿದ್ದಬೇಕು. ಒಬ್ಬರು ತಿದ್ದಿದ ಪುಟ ಹಳದಿಯಾಗುತ್ತದೆ, ಇನ್ನೊಬ್ಬರು ಪರಿಶೀಲಿಸಿ ಒಪ್ಪಿದರೆ ಹಸಿರಾಗುತ್ತದೆ. ಯಂತ್ರವು ಘಕಾರವನ್ನು ಫಕಾರ ಮಾಡಿಟ್ಟಿರುವುದು ಕಣ್ಣಿಗೆ ಬಿದ್ದಾಗ, ಕರಡು ತಿದ್ದುವುದೇ ಕಸುಬಾಗಿದ್ದ ನನಗೆ ಇಂದಿಗೂ ಹುರುಪು ಬರುತ್ತದೆ. ದಿನಕ್ಕೆ ಮೂರು ಪುಟ, ಹೆಚ್ಚಿಲ್ಲ. ಮುಖವನ್ನೇ ನೋಡಿರದ ಯಾರೋ ಒಬ್ಬರು ಬೆಳಗಾಗುವುದರೊಳಗೆ ಒಮ್ಮೊಮ್ಮೆ ಅವನ್ನು ಹಸಿರು ಮಾಡಿರುತ್ತಾರೆ.

ಮೈಸೂರಿನಿಂದ:

ಮೇಲಿನವರ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಒಂದು ಎಚ್ಚರಿಕೆಯಿದೆ. ನನ್ನ ತಂದೆಯವರೂ ‘ಇನ್ನು ಯಾತಕ್ಕೆ’ ಎನ್ನುತ್ತಿದ್ದರು. ನಾವದನ್ನು ವೈರಾಗ್ಯವೆಂದು ತಿಳಿದು ಯೋಗಕ್ಕೆ, ಭಜನೆಗೆ ಕಳುಹಿಸಿದೆವು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು, ಊಟ ಸೇರದಿರುವುದು, ಮೊಮ್ಮಗನ ಆಟವೂ ಹಿಡಿಸದಿರುವುದು ವಾರಗಟ್ಟಲೆ ಮುಂದುವರಿದ ಮೇಲೆ ಮನೋವೈದ್ಯರು ಅದು ಖಿನ್ನತೆಯೆಂದು ಗುರುತಿಸಿದರು. ಚಿಕಿತ್ಸೆಯಿಂದ ನಿದ್ರೆ ಮರಳಿದ ನಂತರವೇ ಅವರು ತೋಟದ ಕಡೆ ಮುಖ ಮಾಡಿದ್ದು. ಇಂತಹ ಲಕ್ಷಣಗಳು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿರಿ. ಹಿಂಜರಿಕೆಯಿದ್ದರೆ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ದಾವಣಗೆರೆಯಿಂದ, ನಿವೃತ್ತ ಎಂಜಿನಿಯರ್:

ನಾನು ತದ್ವಿರುದ್ಧ ತಪ್ಪು ಮಾಡಿದವನು. ಖಾಲಿ ಹೊತ್ತಿನ ಭಯಕ್ಕೆ ಬಡಾವಣೆಯ ಸಂಘ, ದೇವಸ್ಥಾನದ ಸಮಿತಿ, ಪಿಂಚಣಿದಾರರ ಸಂಘ, ಗಣೇಶೋತ್ಸವದ ಲೆಕ್ಕಪತ್ರ ಎಲ್ಲವನ್ನೂ ಮೈಮೇಲೆ ಹಾಕಿಕೊಂಡು, ಒಂದೇ ವರ್ಷದಲ್ಲಿ ರಕ್ತದೊತ್ತಡದ ಮಾತ್ರೆಯನ್ನು ಇಮ್ಮಡಿ ಮಾಡಿಸಿಕೊಂಡೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಪತ್ನಿ ಲಕ್ಕಮ್ಮ ಅದನ್ನು ಹಿಂತಿರುಗಿಸಿ ಬರಲು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಅದು ಅಕ್ಕಿಗೆ ಮಾತ್ರವಲ್ಲ, ಪದವಿಗಳಿಗೂ ಸಲ್ಲುತ್ತದೆಂದು ನನ್ನ ಮನೆಯ ಲಕ್ಕಮ್ಮ ತಿಳಿಸಿಕೊಟ್ಟಳು. ಈಗ ಒಂದೇ ಕೆಲಸ ಇಟ್ಟುಕೊಂಡಿದ್ದೇನೆ: ವಾರಕ್ಕೆ ಮೂರು ಸಂಜೆ ಪಕ್ಕದ ಬೀದಿಯ ಮಕ್ಕಳಿಗೆ ಗಣಿತ. ಅವರಲ್ಲಿ ಇಬ್ಬರಿಗೆ ಭಿನ್ನರಾಶಿ ಇನ್ನೂ ತಲೆಗೆ ಹತ್ತಿಲ್ಲ, ಹಾಗಾಗಿ ಸದ್ಯಕ್ಕೆ ನನಗೆ ಬಿಡುವಿಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ:

ಎಲ್ಲರಿಗೂ ವಂದನೆಗಳು. ನಿದ್ರೆ, ಊಟ ಸರಿಯಾಗಿವೆ. ಆದರೂ ಸಹಾಯವಾಣಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡಿದ್ದೇನೆ. ಏನು ಬೇಕೆಂದು ಪತ್ನಿಯನ್ನು ಕೇಳಿದಾಗ ಅವಳು ಬೆರಗಾಗಿ, ಯೋಚಿಸಲು ಒಂದು ವಾರ ಸಮಯ ಕೇಳಿದಳು. ಆ ಗಡುವು ಇನ್ನೂ ಮುಂದುವರಿಯುತ್ತಿದೆ.

ಈ ನಡುವೆ ಮನೆಗೆ ಹಾಲು ಹಾಕುವವರು, ತಂದೆ ತೀರಿ ಹನ್ನೊಂದು ವರ್ಷವಾದರೂ ಜಮೀನಿನ ಪಹಣಿ ಇನ್ನೂ ಅವರ ಹೆಸರಿನಲ್ಲಿಯೇ ಇದೆಯೆಂದು, ಅಲೆದು ಸಾಕಾಗಿ ಕೈಬಿಟ್ಟಿದ್ದ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಜಗಲಿಯ ಮೇಲೆ ಹರಡಿದರು. ಮರಣ ಪ್ರಮಾಣಪತ್ರದ ಹೆಸರಿಗೂ ಪಹಣಿಯ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ತಂಗಿಯ ಹೆಸರೇ ಇಲ್ಲ. ಇಂತಹ ಅರ್ಜಿಗಳನ್ನು ನಾನು 34 ವರ್ಷ ಮೇಜಿನ ಆ ಕಡೆಯಿಂದ ನೋಡಿದವನು. ದಾಖಲೆಗಳು ಪೂರ್ಣವಿಲ್ಲವೆಂದು ನಾನೇ ಎಷ್ಟು ಷರಾ ಬರೆದು ಹಿಂತಿರುಗಿಸಿದ್ದೇನೋ ಲೆಕ್ಕವಿಲ್ಲ. ಏನು ಕೊರತೆಯಿದೆ, ಅದು ಎಲ್ಲಿ ಸಿಗುತ್ತದೆ ಎಂಬ ನಾಲ್ಕು ಸಾಲುಗಳನ್ನು ಆ ಷರಾದ ಕೆಳಗೆ ಬರೆಯಬಹುದಿತ್ತಲ್ಲವೇ ಎಂದು ಈಗ ಅನ್ನಿಸುತ್ತಿದೆ. ಅಂದು ಮಧ್ಯಾಹ್ನವಿಡೀ ಕುಳಿತು ಅರ್ಜಿಯನ್ನು ಹೊಸದಾಗಿ ಬರೆದೆ. ಸುದ್ದಿ ಹೇಗೋ ಹಬ್ಬಿ, ಇನ್ನಿಬ್ಬರು ತಮ್ಮ ಚೀಲಗಳನ್ನು ತಂದಿಟ್ಟು ಹೋಗಿದ್ದಾರೆ. ದಾವಣಗೆರೆಯವರ ಮಾತು ನೆನಪಿನಲ್ಲಿರುವುದರಿಂದ ಮೂರಕ್ಕಿಂತ ಹೆಚ್ಚು ತೆಗೆದುಕೊಂಡಿಲ್ಲ.

ಹಾಲಿನವರು ತಂಗಿಯನ್ನು ಬುಧವಾರ ಕರೆತರುತ್ತಾರೆ. ಹತ್ತು ಗಂಟೆಗೆ ಬರಲು ಹೇಳಿದ್ದೇನೆ.