ತುರ್ತು: ‘ಅಕರೆನ್ಸ್ ರೆಕಾರ್ಡ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಳಗಕ್ಕೆ ನಮಸ್ಕಾರ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗಾಗಿ ಜೀವವೈವಿಧ್ಯದ ಮುಕ್ತ ದತ್ತಾಂಶದ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಕೋಪನ್‌ಹೇಗನ್ನಿನಿಂದ ನಡೆಯುವ, ಜಗತ್ತಿನ ಜೀವವೈವಿಧ್ಯದ ದತ್ತಾಂಶವನ್ನು ಒಂದೆಡೆ ಕೂಡಿಸುವ ಜಿಬಿಐಎಫ್ ತಾಣದಲ್ಲಿ ಇಂಥ ಜೀವಿ, ಇಂಥ ಜಾಗ, ಇಂಥ ದಿನ ಎಂದು ಹೇಳುವ ಪ್ರತಿ ಸಾಲೂ ಒಂದು ‘ಅಕರೆನ್ಸ್’. ‘ಸಂಭವ’ ಎಂದರೆ ಗಣಿತದ ವಾಸನೆ, ‘ಉಪಸ್ಥಿತಿ’ ಎಂದರೆ ಹಾಜರಿ ಪುಸ್ತಕ. ‘ಇರುವಿಕೆ ದಾಖಲೆ’ ನಡೆದೀತೇ?

ಉತ್ತರ ೧
ಮೊದಲು ‘ದತ್ತಾಂಶ’ಕ್ಕೆ ಕೈಮುಗಿಯಿರಿ. ಸಂಸ್ಕೃತದ ‘ದತ್ತ’ವೂ ಇಂಗ್ಲಿಷಿನ ‘ಡೇಟಾ’ಕ್ಕೆ ಮೂಲವಾದ ಲ್ಯಾಟಿನ್ನಿನ ‘ದತುಂ’ ಕೂಡ ಒಂದೇ ಬೇರಿನವು, ಎರಡಕ್ಕೂ ‘ಕೊಟ್ಟದ್ದು’ ಎಂದೇ ಅರ್ಥ. ಇಷ್ಟು ಚೊಕ್ಕವಾದ ಪಾರಿಭಾಷಿಕ ಪದ ಕನ್ನಡದಲ್ಲಿ ಇನ್ನೊಂದಿಲ್ಲ.

ಉತ್ತರ ೨
ವಂಶಾವಳಿಯನ್ನು ಯಾರೂ ಕೇಳಿರಲಿಲ್ಲ. ‘ಕಾಣು’ ಎಂಬ ನಮ್ಮದೇ ಧಾತುವಿರುವಾಗ ‘ಕಾಣ್ಕೆ’ ಎಂದರೆ ಮುಗಿಯಿತು. ‘ಮುಕ್ತ ದತ್ತಾಂಶ’ವನ್ನೂ ‘ತೆರೆದ ತಿಳಿಹ’ ಮಾಡಿಬಿಡಿ.

ಉತ್ತರ ೩
ಕಾಣ್ಕೆಯನ್ನು ಹುಂಡಿಗೆ ಹಾಕುತ್ತಾರೆ, ಸ್ವಾಮಿ. ಅದಿರಲಿ, ಹರ್ಬೇರಿಯಂನಲ್ಲಿ ಒಣಗಿಸಿಟ್ಟ ಗಿಡ, ಪಳೆಯುಳಿಕೆ, ಕೆರೆಯ ನೀರಿನಲ್ಲಿ ಸಿಕ್ಕ ಡಿಎನ್‌ಎ ಎಲ್ಲವೂ ಅಲ್ಲಿ ಅಕರೆನ್ಸೇ. ಇವುಗಳಲ್ಲಿ ಯಾರು ಏನನ್ನು ‘ಕಂಡರು’?

‘ಇರುವಿಕೆ’ಯೂ ಬೇಡ. ನೂರು ವರ್ಷದ ಹಿಂದೆ ಕಿತ್ತು ತಂದ ಗಿಡ ಆ ಜಾಗದಲ್ಲಿ ಇಂದೂ ಇದೆ ಎಂದು ಓದುವವರು ತಿಳಿಯುತ್ತಾರೆ. ಅಕ್ಷಾಂಶ, ರೇಖಾಂಶ ಎರಡೂ ತಪ್ಪಾಗಿ ಸೊನ್ನೆಯೆಂದು ನಮೂದಾದ ಸಾಲುಗಳನ್ನು ಇಳಿಸಿಕೊಂಡು ನಕ್ಷೆ ಬರೆಯಿರಿ, ಮಲೆನಾಡಿನ ಕಪ್ಪೆ ಆಫ್ರಿಕಾದ ಗಿನಿ ಕೊಲ್ಲಿಯಲ್ಲಿ ಈಜುತ್ತಿರುತ್ತದೆ. ಅದೂ ‘ಇರುವಿಕೆ’ಯೇ? ಯಾರೋ ಪತ್ತೆ ಮಾಡಿ ಬರೆದಿಟ್ಟರು ಎನ್ನುವುದಷ್ಟೇ ಆ ಸಾಲಿನ ಹೊಣೆ. ‘ಪತ್ತೆ ದಾಖಲೆ’ ಎನ್ನಿ. ‘ಪತ್ತೆಯಾಗಿಲ್ಲ’ ಎಂಬುದು ‘ಇಲ್ಲ’ಕ್ಕಿಂತ ಬೇರೆ ಎಂಬುದೂ ತಾನಾಗಿ ತಿಳಿಯುತ್ತದೆ. ಹಕ್ಕಿ ವೀಕ್ಷಕರು ಪಟ್ಟಿ ಸಲ್ಲಿಸುವ ‘ಇಬರ್ಡ್’ ತಾಣದವರು, ವೀಕ್ಷಕರು ತಾವು ಗುರುತಿಸಿದ ಹಕ್ಕಿಗಳನ್ನೆಲ್ಲ ಬಿಡದೆ ಬರೆದ ‘ಪೂರ್ಣ ಪಟ್ಟಿ’ಯನ್ನು ಬೇರೆಯಾಗಿ ಗುರುತಿಸುವುದು ಇದೇ ಕಾರಣಕ್ಕೆ. ಬಾರದ ಹೆಸರಿಗೂ ಅಲ್ಲಿ ಬೆಲೆಯಿದೆ.

ಉತ್ತರ ೨ರವರಿಂದ ಮತ್ತೆ
‘ದಾಖಲೆ’ ಅರಬ್ಬಿ, ‘ಪತ್ತೆ’ ಉತ್ತರದಿಂದ ಬಂದದ್ದು. ಇದರಲ್ಲಿ ಕನ್ನಡ ಎಲ್ಲಿದೆ?

ಉತ್ತರ ೩ರವರಿಂದ
ಕೊನೆಯ ಎಕಾರದಲ್ಲಿ.

ಉತ್ತರ ೧ರವರಿಂದ
ಹಾಗಾದರೆ ‘ಕಚೇರಿ’, ‘ಜಮೀನು’, ‘ತಹಶೀಲ್ದಾರ’ರನ್ನೂ ಗಡಿಪಾರು ಮಾಡಿ. ಪಹಣಿಯನ್ನು ಯಾರ ಕೈಯಲ್ಲಿ ತೆಗೆಸುತ್ತೀರೋ ನೋಡೋಣ.

ಮೂಲ ಪ್ರಶ್ನೆಯವರಿಂದ
‘ಪತ್ತೆ ದಾಖಲೆ’ ಎಂದೇ ಕಳುಹಿಸಿದೆ, ಧನ್ಯವಾದ. ‘ತೆರೆದ ತಿಳಿಹ’ವನ್ನು ಸಂಪಾದಕರು ಒಪ್ಪಲಿಲ್ಲ. ಪರವಾನಗಿಯ ಪುಟದಲ್ಲಿ ‘ನಾನ್‌ಕಮರ್ಷಿಯಲ್’ ಬಾಕಿಯಿದೆ. ‘ವಾಣಿಜ್ಯೇತರ’ ಎಂದು ಹಾಕುತ್ತಿದ್ದೇನೆ, ಆಕ್ಷೇಪವಿದ್ದವರು ರಾತ್ರಿ ಹತ್ತರೊಳಗೆ ಬರೆಯಿರಿ.