ಕೀಮೋ ನಡೆಯುತ್ತಿರುವ ಮಗುವಿಗೆ ನಿತ್ಯಪುಷ್ಪದ ಕಷಾಯ ಕೊಡಬಹುದಾ?

ಪ್ರಶ್ನೆ (ತೀರ್ಥಹಳ್ಳಿ): ಮೇಡಂ, ನಮಸ್ತೆ. ಅಕ್ಕನ ಮಗನಿಗೆ ಆರು ವರ್ಷ. ರಕ್ತದ ಕ್ಯಾನ್ಸರ್, ಎಎಲ್ಎಲ್ ಅಂದಿದ್ದಾರೆ. ಕೀಮೋ ಶುರುವಾಗಿದೆ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಿತ್ಯಪುಷ್ಪದಿಂದಲೇ ಕ್ಯಾನ್ಸರ್ ಔಷಧಿ ಮಾಡುವುದಂತೆ, ಅಂಗಳದಲ್ಲೇ ಇದೆಯಲ್ಲ, ಎಲೆ ಕುದಿಸಿ ಕೊಡಿ ಅಂತ ಒಬ್ಬರು. ಲಕ್ಷ್ಮಣಫಲ ತಿನ್ನಿಸಿ ಅಂತ ಇನ್ನೊಬ್ಬರು. ಕೊಡಬಹುದಾ?

ಉತ್ತರ (ಕ್ಲಿನಿಕಲ್ ಫಾರ್ಮಸಿಸ್ಟ್, ಶಿವಮೊಗ್ಗ): ಎರಡೂ ಬೇಡ. ನೆಂಟರ ಮಾತು ಅರ್ಧ ನಿಜ. ಕೆನಡಾದಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಾ ಈ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು! ಆ ಜಾಡು ಹಿಡಿದು 1958ರಲ್ಲಿ ಕ್ಯಾನ್ಸರ್ ಔಷಧಿ ವಿನ್‌ಬ್ಲಾಸ್ಟಿನ್ ಸಿಕ್ಕಿತು, ಆಮೇಲೆ ವಿನ್‌ಕ್ರಿಸ್ಟಿನ್. ಅಮೆರಿಕದಲ್ಲಿ 1963ರಿಂದ ವಿನ್‌ಕ್ರಿಸ್ಟಿನ್ ಬಳಕೆಯಲ್ಲಿದೆ. ನಿಮ್ಮ ಹುಡುಗನ ಕೀಮೋ ಚೀಟಿ ನೋಡಿ, ಬಹುಶಃ ಆ ಹೆಸರು ಇರುತ್ತದೆ.

ಅಂದರೆ ಗಿಡದ ಮದ್ದು ಅವನಿಗೆ ಆಗಲೇ ಹೋಗುತ್ತಿದೆ, ಅಳೆದು ತೂಗಿ. ಎತ್ತರ, ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತಾರೆ. ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಜಾಸ್ತಿಯಾದರೆ ನರಗಳಿಗೆ ಪೆಟ್ಟು. ಮಗು ಪಾದ ಎತ್ತಲಾಗದೆ ಎಡವುತ್ತದೆ, ದವಡೆ ನೋಯುತ್ತದೆ, ಹೊಟ್ಟೆ ಕಟ್ಟುತ್ತದೆ. ಸಣ್ಣ ಸಲೈನ್ ಬ್ಯಾಗಿನಲ್ಲಿ ಬೆರೆಸಿ 'ರಕ್ತನಾಳಕ್ಕೆ ಮಾತ್ರ' ಅಂತ ಲೇಬಲ್ ಹಚ್ಚಿಯೇ ನಾವು ಕಳಿಸುವುದು. ಅಪ್ಪಿತಪ್ಪಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿದರೆ ಜೀವಕ್ಕೇ ಕುತ್ತು. ಎಲೆಯಲ್ಲಿ ಇದರ ಜೊತೆ ಗಿಡದಲ್ಲೇ ಹುಟ್ಟುವ ರಾಸಾಯನಿಕಗಳಾದ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ. ಯಾವುದು ಎಷ್ಟು ಅಂತ ಲೋಟ ನೋಡಿ ಹೇಳಲಾದೀತೇ?

ಲಕ್ಷ್ಮಣಫಲಕ್ಕೆ ಮಕ್ಕಳಲ್ಲಿ ಕ್ಯಾನ್ಸರ್ ವಾಸಿಯಾದ ಪುರಾವೆ ಇಲ್ಲ. ಅದರಲ್ಲಿರುವ ಅನ್ನೋನಾಸಿನ್ ಕೂಡ ನರಕ್ಕೆ ವಿಷವೇ.

ಪ್ರಶ್ನೆ (ಹೊಸನಗರ): ಘಟ್ಟದ ದುರ್ವಾಸನೆ ಮರವನ್ನೂ ಕ್ಯಾನ್ಸರ್ ಔಷಧಿಗೆ ಅಂತ ಕಡಿದು ಸಾಗಿಸುತ್ತಿದ್ದರಲ್ಲ. ಅದೂ ಮಕ್ಕಳಿಗೆ ಬರುತ್ತದಾ?

ಉತ್ತರ: ನೇರವಾಗಿ ಅಲ್ಲ. ಅದರಲ್ಲಿರುವುದು ಕ್ಯಾಂಪ್ಟೊಥೆಸಿನ್ ಅನ್ನುವ ರಾಸಾಯನಿಕ. ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ. ಹಾಗೇ ಕೊಟ್ಟು ನೋಡಿದಾಗ ರೋಗಿಗಳ ಮೂತ್ರದಲ್ಲಿ ರಕ್ತ ಬಂತು, ನಿಲ್ಲಿಸಿದರು. ಅದನ್ನೇ ತಿದ್ದಿ ಮಾಡಿದ ಇರಿನೋಟೆಕಾನ್, ಟೊಪೊಟೆಕಾನ್ ಈಗ ನ್ಯೂರೋಬ್ಲಾಸ್ಟೋಮಾದಂಥ ಕ್ಯಾನ್ಸರ್ ಗಡ್ಡೆ ಮರುಕಳಿಸಿದ ಮಕ್ಕಳಿಗೆ ಬಳಕೆಯಲ್ಲಿವೆ. ಘಟ್ಟದಲ್ಲಿ ಮರ ಮಾತ್ರ ವಿಪರೀತ ಕಡಿಮೆಯಾಯಿತು.

ಪ್ರಶ್ನೆ (ತೀರ್ಥಹಳ್ಳಿ): ಮೇಡಂ, ಅಮ್ಮ ಆಗಲೇ ಎರಡು ಸಲ ಕಷಾಯ ಕುಡಿಸಿದ್ದಾರಂತೆ. ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಹೆದರಿದ್ದಾರೆ.

ಉತ್ತರ: ಬೈದರೆ ಬೈಯಲಿ, ಇವತ್ತೇ ಫೋನ್ ಮಾಡಿ ಹೇಳಿ. ಎಷ್ಟು ಎಲೆ, ಯಾವ ದಿನ, ಎಲ್ಲ ಬರೆದಿಟ್ಟುಕೊಳ್ಳಿ. ಮುಂದಿನ ಡೋಸ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಬೇಕೋ ಬೇಡವೋ ಅವರು ನೋಡುತ್ತಾರೆ. ವಾಂತಿ, ಜ್ವರ, ನಡಿಗೆಯಲ್ಲಿ ಎಡವುವುದು ಕಂಡರೆ ಫೋನ್ ಮಾಡುತ್ತಾ ಕೂರಬೇಡಿ, ಕರೆದುಕೊಂಡು ಹೋಗಿ.