ಸಹಾಯ ಬೇಕು: ವರ್ಡ್‌ನಲ್ಲಿ ಲೇಖಕರ ಹೆಸರು ಹಿಂದುಮುಂದಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಪಿಎಚ್‌.ಡಿ. ಪ್ರಬಂಧ ಟೈಪ್ ಮಾಡ್ತಾ ಇದ್ದೇನೆ. ಆಕರಗಳನ್ನೆಲ್ಲ ವರ್ಡ್‌ನ ರೆಫರೆನ್ಸಸ್ ಟ್ಯಾಬ್‌ನಲ್ಲೇ ಸೇರಿಸಿದ್ದೇನೆ, ಉಲ್ಲೇಖದ ಶೈಲಿ ಶಿಕಾಗೊ. ಗ್ರಂಥಋಣದ ಪಟ್ಟಿಯಲ್ಲಿ ‘ಶಿವರಾಮ ಕಾರಂತ’ ಹೋಗಿ ‘ಕಾರಂತ, ಶಿವರಾಮ’ ಆಗುತ್ತಿದೆ. ನಮ್ಮ ಗೈಡ್‌ಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ನನಗೂ ಯಾರದೋ ಹಾಜರಿ ಪುಸ್ತಕ ನೋಡಿದ ಹಾಗಾಗುತ್ತೆ!

ಪಟ್ಟಿಯಲ್ಲೇ ಕೈಯಾರೆ ತಿದ್ದಿದೆ. ಅಪ್‌ಡೇಟ್ ಒತ್ತಿದ್ದೇ ತಡ, ಎರಡು ಗಂಟೆಯ ಕೆಲಸ ಮಾಯ. ಆಮೇಲೆ ‘ಕಾರ್ಪೊರೇಟ್ ಆಥರ್’ (ಲೇಖಕರ ಜಾಗದಲ್ಲಿ ಸಂಸ್ಥೆಯ ಹೆಸರು ಹಾಕುವ ಆಯ್ಕೆ) ಟಿಕ್ ಮಾಡಿ ಅಲ್ಲಿ ಪೂರ್ತಿ ಹೆಸರು ಹಾಕಿದೆ. ಪಟ್ಟಿ ಸರಿಹೋಯಿತು. ಆದರೆ ಈಗ ಬರಹದ ನಡುವೆ ಆಕರ ಸೂಚಿಸುವ ಆವರಣದಲ್ಲೂ ಪೂರ್ತಿ ಹೆಸರೇ ಬರುತ್ತಿದೆ. ಅಲ್ಲಿ ನನಗೆ ‘ಕಾರಂತ’ ಅಷ್ಟೇ ಸಾಕು.

ಪಟ್ಟಿಯಲ್ಲಿ ಪೂರ್ತಿ ಹೆಸರು ನೇರವಾಗಿ, ಆವರಣದಲ್ಲಿ ಚಿಕ್ಕ ಹೆಸರು: ಎರಡೂ ಒಟ್ಟಿಗೆ ಬರೋ ಹಾಗೆ ಮಾಡಬಹುದಾ? ಇಲ್ಲ, ಕೊನೆಯಲ್ಲಿ ಪಟ್ಟಿಯನ್ನು ಸ್ಟ್ಯಾಟಿಕ್ ಟೆಕ್ಸ್ಟ್ (ಅಪ್‌ಡೇಟ್ ಆಗದ ಮಾಮೂಲಿ ಬರಹ) ಮಾಡಿಕೊಂಡು ಒಂದೊಂದೇ ತಿದ್ದೋದೇ ಗತಿನಾ?